ಟ್ಯೂಷನ್ ಅಂದರೇನು?

ತಪಾಸಣೆಗೆ ಬಂದ ಅಧಿಕಾರಿ ಮಕ್ಕಳನ್ನು ಕೇಳಿದರು: "ಟ್ಯೂಷನ್ ಅನ್ನೋ ಇಂಗ್ಲಿಷ್ ಪದದ ಮೂಲ ಅರ್ಥ ಯಾರಿಗೆ ಗೊತ್ತು?"

ಮುಂದಿನ ಎರಡು ಬೆಂಚುಗಳಲ್ಲಿ ಮಾತ್ರ ಕೈಗಳೆದ್ದವು. ಒಬ್ಬ ಪಟಪಟನೆ ಹೇಳಿದ: "ಲ್ಯಾಟಿನ್‌ನಿಂದ ಬಂದಿದ್ದು ಸಾರ್. ಕಾಪಾಡೋದು, ಜೋಪಾನವಾಗಿ ನೋಡಿಕೊಳ್ಳೋದು ಅಂತ."

"ಶಭಾಷ್! ಮೇಷ್ಟ್ರೇ, ಚೆನ್ನಾಗಿ ಕಲಿಸಿದ್ದೀರಿ."

ಮೇಷ್ಟ್ರು ಹಿಗ್ಗಿ ಕಾಲರ್ ಸರಿಮಾಡಿಕೊಂಡರು.

ಅಧಿಕಾರಿ ಕೊನೆಯ ಬೆಂಚಿನತ್ತ ತಿರುಗಿದರು. "ನೀನು ಹೇಳಮ್ಮ, ಆ ಲ್ಯಾಟಿನ್ ಪದ ಯಾವುದು?"

ಜಯಶೀಲಾ ಎದ್ದು ನಿಂತು ತಲೆ ತಗ್ಗಿಸಿದಳು. ಹುಡುಗರು ಕಿಸಕ್ಕನೆ ನಕ್ಕರು.

ಮೇಷ್ಟ್ರಿಗೆ ಅವಮಾನವಾಯಿತು. "ಇವರಿಗೆಲ್ಲ ಗೊತ್ತು, ನಿನಗೆ ಗೊತ್ತಿಲ್ಲ. ನಾಚಿಕೆ ಆಗಲ್ವಾ? ನಾನು ಹೇಳಿಕೊಡುವಾಗ ಎಲ್ಲಿದ್ದೆ?"

ಅವಳ ಕಣ್ಣು ತುಂಬಿ ಬಂತು.

"ನಮ್ಮ ಮನೇಲಿದ್ದೆ ಸಾರ್. ನೀವು ಅದನ್ನ ಹೇಳಿಕೊಟ್ಟಿದ್ದು ನಿಮ್ಮ ಮನೆ ಟ್ಯೂಷನ್ನಲ್ಲಿ."