ಮುಚ್ಚಿಹೋದ ನೆಲೆಯ ಠಸ್ಸೆ

“ಅವನು ನನ್ನ ಹೊಸ್ತಿಲು ತುಳೀಕೂಡದು. ಮುಗೀತು.”

ದಂತವೈದ್ಯ ಇದನ್ನು ಹೇಳಿದ್ದು ತಂಗಿಗೆ. ಕಣ್ಣು ಮಾತ್ರ ಚಿಮಟದ ತುದಿಯ ಲಕೋಟೆಯ ಮೇಲಿತ್ತು. ಕೊನೆಯ ರೋಗಿ ಕೆನ್ನೆ ಹಿಡಿದುಕೊಂಡು ಹೋಗಿಯಾಗಿತ್ತು. ಹಲ್ಲು ನೋಡುವ ದೀಪವನ್ನು ಮೇಜಿನತ್ತ ತಿರುಗಿಸಿಕೊಂಡು ಅವನು ನಾಳೆಯ ಅಂಚೆಚೀಟಿ ಪ್ರದರ್ಶನಕ್ಕೆ ಲಕೋಟೆಗಳನ್ನು ಜೋಡಿಸುತ್ತಿದ್ದ. ಎಲ್ಲವೂ ಒಂದೇ ಸೇನಾ ನೆಲೆಯಿಂದ ಬಂದವು. ಎಲ್ಲದರ ಮೇಲೂ ಅಲ್ಲಿನ ಅಂಚೆಕಚೇರಿಯ ದುಂಡು ಠಸ್ಸೆ. ನೆಲೆಯನ್ನು ಈಗ ಮುಚ್ಚಿದ್ದಾರೆ, ಆ ಠಸ್ಸೆ ಇನ್ನು ಯಾವ ಕಾಗದದ ಮೇಲೂ ಬೀಳುವುದಿಲ್ಲ. ಹಾಗಾಗಿ ಪದಕ ತನಗೇ ಎಂದು ಅವನಿಗೆ ಖಾತ್ರಿಯಿತ್ತು.

ಕಳಿಸಿದವನು ತಮ್ಮ. ಅಲ್ಲಿ ಸಿಪಾಯಿಯಾಗಿದ್ದ. ಒಂದು ದಿನ ಹೇಳದೆ ಕೇಳದೆ ಬೇಲಿ ಹಾರಿ ಓಡಿಹೋದ, ಸಿಕ್ಕಿಬಿದ್ದ. ಪತ್ರಿಕೆಯಲ್ಲಿ ಫೋಟೊ ಬಂತು. ಅದನ್ನು ನೋಡಿ ಹಾಸಿಗೆ ಹಿಡಿದ ಅಪ್ಪ ಮತ್ತೆ ಏಳಲಿಲ್ಲ. ಓಡಿಹೋದವನು ಈಗ ಶಿಕ್ಷೆ ಮುಗಿಸಿ ಬಂದು ಬಸ್ ನಿಲ್ದಾಣದಲ್ಲಿ ಕೂತಿದ್ದಾನೆ. ಮನೆಗೆ ಬರಲೇ ಎಂದು ತನಗೆ ಅಕ್ಕನಾದ ಇವಳ ಬಾಯಲ್ಲಿ ಕೇಳಿಸುತ್ತಿದ್ದಾನೆ. ಅಣ್ಣನಿಗೆ ಮೈ ಉರಿಯದೆ ಏನಾದೀತು? ಆ ಸಿಟ್ಟಿನಲ್ಲಿ ನ್ಯಾಯವಿತ್ತು.

“ಮೇಲಿನ ಅಧಿಕಾರಿ ದಿನಾ ಹೊಡೀತಿದ್ದ ಅಂತ ವಿಚಾರಣೆಯಲ್ಲಿ ಹೇಳಿದನಂತೆ. ನನಗ್ಯಾಕೆ ಹೇಳಲಿಲ್ಲ?” ಅವನು ಚಿಮಟವನ್ನು ಕುಕ್ಕಿದ. “ಆ ನೆಲೆಯ ದೊಡ್ಡ ಸಾಹೇಬ ಇದೇ ಕುರ್ಚಿಯಲ್ಲಿ ಬಾಯಿ ತೆರೆದು ಕೂರ್ತಿದ್ದ. ನಾನು ಒಂದು ಮಾತು ಆಡಿದ್ರೆ ಮಾರನೇ ದಿನವೇ ತಮ್ಮನಿಗೆ ಬೇರೆ ಕಡೆಗೆ ವರ್ಗ ಆಗ್ತಿತ್ತು. ಅಪ್ಪ ಇವತ್ತು ಇರ್ತಿದ್ರು.”

“ಹೇಳಿದೀನಿ ಅಂತಾನೆ.”

“ಸುಳ್ಳು.”

“ತಿಂಗಳು ತಿಂಗಳೂ ಹೇಳಿದೀನಿ ಅಂತಾನೆ, ಅಣ್ಣಾ.”

“ನಿನಗೂ ಬರೀತಿದ್ದನಲ್ಲ. ನಿನಗೆ ಹೇಳಿದ್ನಾ?”

“ನನಗೆ ಬಂದದ್ದನ್ನೆಲ್ಲ ಅಲ್ಲಿನವರು ಒಡೆದು ಓದಿ, ಮತ್ತೆ ಪಟ್ಟಿ ಅಂಟಿಸಿ ಕಳಿಸ್ತಿದ್ರು. ಆರಾಮಾಗಿದೀನಿ ಅನ್ನದೆ ಇನ್ನೇನು ಬರೀತಾನೆ ಅವನು?”

ಅದು ನಿಜ. ಆ ಲಕೋಟೆಗಳನ್ನು ಅವಳು ಒಮ್ಮೆ ಅಣ್ಣನಿಗೆ ಕೊಡಲು ತಂದಿದ್ದಳು. ಅವನು ಮೂಗು ಮುರಿದಿದ್ದ. ಒಂದು ಕಡೆ ಪಟ್ಟಿ, ಇನ್ನೊಂದು ಕಡೆ ಇವಳು ಬೆರಳು ತೂರಿಸಿ ಹರಿದ ಗಾಯ. ಇದನ್ನು ಒಲೆಗೆ ಹಾಕು ಎಂದಿದ್ದ.

ಅವನದೆಲ್ಲ ಅಚ್ಚುಕಟ್ಟು. ಲಕೋಟೆ, ಅಂಚೆಚೀಟಿ, ವಿಳಾಸ, ಒಳಗಿಡುವ ಖಾಲಿ ಕಾರ್ಡು ಎಲ್ಲವನ್ನೂ ಇಲ್ಲಿಂದಲೇ ಕಳಿಸುತ್ತಿದ್ದ. ಕಾರ್ಡು ಇದ್ದರೆ ಲಕೋಟೆ ಸೆಟೆದು ನಿಲ್ಲುತ್ತದೆ, ಠಸ್ಸೆ ಸ್ಪಷ್ಟವಾಗಿ ಬೀಳುತ್ತದೆ. ಸಂಗ್ರಹಕಾರರೆಲ್ಲ ಮಾಡುವುದೇ ಹೀಗೆ. ತಮ್ಮ ಅಂಟಿಸಿ ಕೊಟ್ಟರಾಯಿತು. ಅಂಚೆಯವನಿಗೂ ಈ ಹುಚ್ಚು ಗೊತ್ತಿದ್ದುದರಿಂದ ನಕ್ಕು, ಠಸ್ಸೆ ಹೊಡೆದು, ತಪಾಸಣೆಯ ಮೇಜಿಗೆ ಹಾಕದೆ ಚೀಲಕ್ಕೆ ಎಸೆಯುತ್ತಿದ್ದ. ಒಂದರ ಮೇಲೂ ಪಟ್ಟಿಯಿಲ್ಲ. ದಂತವೈದ್ಯನ ಹೆಮ್ಮೆಯೇ ಅದು.

ತಂಗಿ ರೋಗಿಗಳ ಕುರ್ಚಿಯ ತುದಿಯಲ್ಲಿ ಕೂತಳು. ದನಿ ಏರಿಸಲಿಲ್ಲ.

“ನಿನ್ನ ಕವರ್ ಮಾತ್ರ ಅವರು ನೋಡ್ತಿರಲಿಲ್ಲ. ಅದಕ್ಕೇ ನಿನಗೆ ಹೇಳಿದ. ನೀನು ಓದಿ ಸುಮ್ಮನಿದ್ದೆ. ಅವನನ್ನು ಅಲ್ಲಿಂದ ಬಿಡಿಸಿದ್ರೆ ನಿನ್ನ ಠಸ್ಸೆ ನಿಂತುಹೋಗ್ತಿತ್ತಲ್ಲ.”

ದಂತವೈದ್ಯನ ಮುಖ ಕೆಂಪಡರಿತು. ಒಡಹುಟ್ಟಿದವಳು ಆಡುವ ಮಾತೇ ಇದು?

“ಅಪ್ಪನಾಣೆ. ಅವನ ಕಷ್ಟದ ಒಂದಕ್ಷರ ನಾನು ಓದಿದ್ರೆ ಈ ಕೈ ಬಿದ್ದುಹೋಗಲಿ. ಠಸ್ಸೆಗೋಸ್ಕರ ತಮ್ಮನ್ನ ಹೊಡೆಸ್ಕೊಳ್ಳೋಕೆ ಬಿಡ್ತೀನಾ ನಾನು?”

ತಂಗಿ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಅಣ್ಣ ಮುಂಗೋಪಿ, ಜಂಬಗಾರ, ಎಲ್ಲ ಹೌದು. ಅಪ್ಪನ ಮೇಲೆ ಸುಳ್ಳಾಣೆ ಇಡುವವನಲ್ಲ. ಅವಳ ಭುಜ ಇಳಿಯಿತು. ಹಾಗಾದರೆ ತಮ್ಮನೇ ಸುಳ್ಳ. ಅಲ್ಲೂ ಓಡಿದ, ಇಲ್ಲೂ ತಪ್ಪಿಸಿಕೊಳ್ಳಲು ನೋಡುತ್ತಿದ್ದಾನೆ. ಈಗ ಅವಳಿಗೂ ಅವನ ಮೇಲೆ ಕೆಟ್ಟ ಸಿಟ್ಟು ಬಂತು.

“ಅವನಿಗೆ ಏನಂತ ಹೇಳಲಿ?”

“ಬಂದ ಬಸ್ಸಲ್ಲೇ ಹೋಗು ಅನ್ನು.”

ಅವಳು ಎದ್ದಳು. ಗೆದ್ದವನಿಗೆ ಅಷ್ಟಕ್ಕೇ ತೃಪ್ತಿಯಾಗಲಿಲ್ಲ. ಲಕೋಟೆ ಜೋಡಿಸಿದ್ದ ಕೊನೆಯ ಹಾಳೆಯನ್ನು ಅವಳತ್ತ ತಳ್ಳಿದ.

“ಇದೊಂದು ನೋಡ್ಕೊಂಡು ಹೋಗು, ನಿನ್ನ ಮುದ್ದಿನ ತಮ್ಮನ ಕೆಲಸಾನ. ಮೊದಮೊದಲು ಹೇಗೆ ಚಪ್ಪಟೆಯಾಗಿ ನೀಟಾಗಿತ್ತು. ಬರ್ತಾ ಬರ್ತಾ ಕಾಟಾಚಾರ. ಉಬ್ಬಿಸಿ ಉಬ್ಬಿಸಿ ಕಳಿಸಿದಾನೆ, ಠಸ್ಸೆ ಅರ್ಧಂಬರ್ಧ ಬಿದ್ದಿದೆ. ಸರಿಯಾಗಿ ಕಳಿಸೋ ಕತ್ತೆ ಅಂತ ಅಂಚೆಕಾರ್ಡು ಹಾಕಿ ಬೈದೆ. ಅದಾದ ವಾರಕ್ಕೇ ಓಡಿಹೋದ.”

ತಂಗಿ ಕೊನೆಯ ಲಕೋಟೆಯನ್ನು ಎತ್ತಿಕೊಂಡಳು. ಕೈಯಲ್ಲಿ ತೂಗಿದಳು. ಬೆರಳಲ್ಲಿ ಒತ್ತಿದಳು. ಹಿಂದು ಮುಂದಾಗಿ ತಿರುಗಿಸಿ, ದೀಪದ ಕೆಳಗೆ ಹಿಡಿದಳು. ಇನ್ನೊಂದನ್ನು ಎತ್ತಿಕೊಂಡಳು, ಮತ್ತೊಂದನ್ನು.

“ಅಣ್ಣಾ, ಇದರೊಳಗೆ ಏನಿದೆ?”

“ಮುಟ್ಟಬೇಡ, ಇಡು ಕೆಳಗೆ,” ದಂತವೈದ್ಯ ಅದನ್ನು ಕಿತ್ತುಕೊಂಡು, ಅಂಟು ಬಿಟ್ಟಿಲ್ಲ ತಾನೇ ಎಂದು ಅಂಚನ್ನು ಸವರಿ ನೋಡಿದ. “ಒಡೆದ ಕವರಿಗೆ ಮೂರು ಕಾಸಿನ ಬೆಲೆ ಇಲ್ಲ. ಇಷ್ಟು ವರ್ಷದಲ್ಲಿ ನಾನೇ ಒಂದನ್ನೂ ಒಡೆದಿಲ್ಲ.”