ಬ್ಯಾಗಿನಲ್ಲಿ ಉಳಿದ ಮಾತ್ರೆಗಳು

"ಇಬ್ಬರಿಗೂ ಉರಿಮೂತ್ರನೇ. ಆದ್ರೆ ನಿಮ್ಮ ಮಗೂಗೆ ಮಾಮೂಲಿ ಮಾತ್ರೆ ಸಾಕಮ್ಮ" ಎಂದು ಚಿಂತಾಮಣಿಯ ಡಾಕ್ಟರು ಪಂಕಜಳ ಕೈಗೆ ಚೀಟಿ ಕೊಟ್ಟು, ಅವಳ ವಾರಗಿತ್ತಿ ರೂಪಾಳ ಕಡೆ ತಿರುಗಿದರು. "ನಿಮ್ಮ ಮಗಳನ್ನ ಅಡ್ಮಿಟ್ ಮಾಡ್ಬೇಕು. ಇವಳ ಮೈಯಲ್ಲಿರೋ ಕ್ರಿಮಿ ಯಾವ ಮಾತ್ರೆಗೂ ಬಗ್ತಿಲ್ಲ. ಹಿಂದೆ ಏನೇನು ಕೊಟ್ಟಿದ್ರಿ?"

ರೂಪ ಬ್ಯಾಗಿನ ಜಿಪ್ ಎಳೆದಳು. ಅರ್ಧರ್ಧ ಖಾಲಿಯಾದ ಸ್ಟ್ರಿಪ್ಪುಗಳು ಮೇಜಿನ ಮೇಲೆ ಬಿದ್ದವು. ಅವಳ ಅಣ್ಣನದು ಮೆಡಿಕಲ್ ಸ್ಟೋರು. ಮಗಳು ಸೀನಿದರೂ ಆಂಟಿಬಯೋಟಿಕ್ ಮನೆ ಬಾಗಿಲಿಗೇ ಬರುತ್ತಿತ್ತು. ಜ್ವರ ಬಿಟ್ಟ ಕೂಡಲೇ ಉಳಿದದ್ದು ಮುಂದಿನ ಸಲಕ್ಕೆಂದು ಬ್ಯಾಗು ಸೇರುತ್ತಿತ್ತು. ಆ ಬ್ಯಾಗು ಕಂಡಾಗಲೆಲ್ಲ ಪಂಕಜಳ ಹೊಟ್ಟೆ ಉರಿಯುತ್ತಿತ್ತು. ರೂಪಾಳ ಮಗಳು ಮರುದಿನವೇ ಎದ್ದು ಕುಣಿಯುವಾಗ ತನ್ನ ಮಗಳು ವಾರವಿಡೀ ಮೂಗು ಸುರಿಸಿಕೊಂಡು ಕೂತಿರುತ್ತಿದ್ದಳು. ಒಮ್ಮೆ ಪಂಕಜ ನಾಚಿಕೆ ಬಿಟ್ಟು ಎರಡು ಮಾತ್ರೆ ಕೇಳಿಯೂ ಇದ್ದಳು. "ನಿಮ್ಮ ಮಗೂಗೆ ಕಷಾಯನೇ ಸಾಕು ಬಿಡಿ ಅಕ್ಕ, ಇದೆಲ್ಲ ತುಂಬ ಕಾಸ್ಟ್ಲಿ" ಎಂದು ರೂಪ ಜಿಪ್ ಹಾಕಿಬಿಟ್ಟಿದ್ದಳು. ಆ ಜಿಪ್ಪಿನ ಸದ್ದು ಪಂಕಜಳ ಕಿವಿಯಲ್ಲಿ ಇನ್ನೂ ಇತ್ತು.

ಮಗಳ ಕೈಹಿಡಿದು ಬಾಗಿಲು ದಾಟುವಾಗ ಪಂಕಜ ಹಿಂತಿರುಗಿದಳು. ರೂಪ ಪಂಕಜಳ ಕೈಯಲ್ಲಿದ್ದ ಚೀಟಿಯನ್ನೇ ನೋಡುತ್ತಿದ್ದಳು. ಆ ನೋಟ ಪಂಕಜಳಿಗೆ ಚೆನ್ನಾಗಿ ಗೊತ್ತಿತ್ತು. ಇಷ್ಟು ವರ್ಷ ಅದು ತನ್ನದೇ ಆಗಿತ್ತು.