ಹೆಸರು ಕಾಯುವ ಅಜ್ಜಿ

ಮಗು ಸಾಕ್ಷಿ ಹೇಳುವ ಕೇಸು ದಾಖಲಾದ ದಿನವೇ ಕೋರ್ಟು ಆ ಮಗುವಿನ ಹೆಸರನ್ನು ಊರವರೆಲ್ಲರ ನೆನಪಿನಿಂದ ತೆಗೆದುಬಿಡುತ್ತಿತ್ತು. ಹದಿನೆಂಟು ತುಂಬುವ ತನಕ ಅದನ್ನು ನೆನಪಿಟ್ಟುಕೊಳ್ಳಲು ಮನೆಯ ಒಬ್ಬರಿಗೆ ಮಾತ್ರ ಅಪ್ಪಣೆ. ಆ ಒಬ್ಬರನ್ನು ಮಗುವೇ ಆರಿಸಬೇಕು.

ಗುರುಶಾಂತವ್ವನ ಮೊಮ್ಮಗಳು ಅಜ್ಜಿಯ ಸೆರಗು ಹಿಡಿದಳು.

ಶಿರಸ್ತೇದಾರರು ಕನ್ನಡಕ ಇಳಿಸಿದರು. "ನಿಮ್ಮಜ್ಜಿ ಆಗಲೇ ನನಗ, ತಮ್ಮ ಎಮ್ಮಿ ಬಾವಿ ತುಂಬ ಹಾಲು ಕೊಡ್ತಿತ್ತು ಅಂದಾರ. ಇವರ ಬಾಯಾಗ ಹೆಸರು ನಿಲ್ಲತೈತೇನವ್ವಾ? ನಿಮ್ಮ ಕಾಕಾನ್ನ ಆರಿಸು. ಅವರದು ಮಾತು ಕಮ್ಮಿ."

"ಬಾವಿ ಅಲ್ಲರಿ ಸಾಹೇಬ್ರ, ಕೆರಿ," ಅಂದಳು ಗುರುಶಾಂತವ್ವ. ಆದರೆ ಒಳಗೊಳಗೇ ಅವಳಿಗೂ ಅಳುಕು. ಹೆಸರು ಹೊರಬಿದ್ದರೆ ಕೂಸನ್ನು ಬೆದರಿಸಿದವರು ಮನೆ ಬಾಗಿಲಿಗೇ ಬರುತ್ತಾರೆ. "ಕಾಕಾನ್ನ ಆರಿಸವ್ವ. ನಂದು ಹರಕ ಬಾಯಿ."

"ಕಾಕಾ ಬಾಯಿ ತಪ್ಪಿ ಅಂದ್ರ ಎಲ್ಲಾರೂ ನಂಬ್ತಾರ," ಅಂದಳು ಹುಡುಗಿ. "ನೀ ಅಂದ್ರ ಯಾರ ನಂಬ್ತಾರ, ಅಜ್ಜಿ?"

ಶಿರಸ್ತೇದಾರರು ನಗು ತಡೆಯಲಾರದೆ ಮೊಹರು ಒತ್ತಿದರು.

ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಅಪರಿಚಿತನೊಬ್ಬ, "ಹುಡುಗಿ ಹೆಸರೇನಬೇ?" ಎಂದು ಸಲೀಸಾಗಿ ಕೇಳಿದ. ಗುರುಶಾಂತವ್ವ ಮೊಮ್ಮಗಳ ಕೈ ಬಿಗಿಯಾಗಿ ಹಿಡಿದು ಅವನ ಪಕ್ಕದಲ್ಲೇ ಕೂತಳು.

"ಯಾವ ಹೆಸರು ಹೇಳ್ಲಿ ತಮ್ಮಾ? ಈಕಿ ಹುಟ್ಟಿದಾಗ ಏಳೂರ ಮಂದಿ ಏಳು ತೊಟ್ಟಿಲಾ ತಂದು, ತೊಟ್ಟಿಲಿಗೊಂದು ಹೆಸರಿಟ್ಟಾರ. ಮೊದಲನೇ ತೊಟ್ಟಿಲಾ ಆನಿ ಮ್ಯಾಲ ಬಂತು..."

ಕಥೆ ಎರಡನೆಯ ತೊಟ್ಟಿಲಿಗೆ ಬರುವಷ್ಟರಲ್ಲೇ ಅವನು ಎದ್ದು ಹೋದ. ಮೂರನೆಯದು ಹೇಗೆ ಬಂತೆಂದು ಕೇಳಲು ಮೊಮ್ಮಗಳೊಬ್ಬಳೇ ಅಜ್ಜಿಗೆ ಅಂಟಿಕೊಂಡು ಕೂತಳು.